ಟಿವಿಯವರೇ, ಆ ಕೈ ಸ್ವಲ್ಪ ಹಿಂದಕ್ಕೆ ತಗೊಳ್ಳಿ

ವನ್ಯಜೀವಿ ಕಾರ್ಯಕ್ರಮ ಮಾಡುವ ವಾಹಿನಿಗಳ ಸಂಪಾದಕರಿಗೆ ಮತ್ತು ಕ್ಯಾಮೆರಾ ಮುಂದೆ ಹಾವು ಎತ್ತಿ ಹಿಡಿಯುವ ನಿರೂಪಕ ಮಿತ್ರರಿಗೆ,

ಶರಣಾರ್ಥಿ.

ನಾನು ಯಾದಗಿರಿ ಜಿಲ್ಲೆಯವನು. ಗುರುಮಠಕಲ್ ರಸ್ತೆಯಲ್ಲಿ ನಂದೊಂದು ಸಣ್ಣ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಪಂಪು, ಫ್ಯಾನು, ಮಿಕ್ಸರ್ ಏನು ಸುಟ್ಟರೂ ಜನ ನನ್ನ ಹತ್ತಿರ ತರುತ್ತಾರೆ. ಹಳೇ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಕೆಲಸ. ಫ್ಯಾನಿನ ತಂತಿ ಅಂದರೆ ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬಿಗಿ ನೋಡುತ್ತಾ ಸುತ್ತಬೇಕು. ನಾನು ಮಾತ್ರ 11 ವರ್ಷದಿಂದ ಹೆಬ್ಬೆರಳು ಮತ್ತು ನಡುಬೆರಳಲ್ಲಿ ಸುತ್ತುತ್ತಿದ್ದೇನೆ. ನನ್ನ ಬಲಗೈ ತೋರುಬೆರಳು ಮಡಚುವುದಿಲ್ಲ.

ಆ ಬೆರಳಿನ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಿಮ್ಮಂಥವರ ಕಾರ್ಯಕ್ರಮ ನೋಡದೇ ಇದ್ದಿದ್ದರೆ ನಾನು ಇವತ್ತಿಗೂ ಹಾವು ಕಂಡರೆ ಬಡಿಗೆ ಹುಡುಕುವವನೇ ಆಗಿರುತ್ತಿದ್ದೆ.

2003ರಲ್ಲಿ ನಾನು ಪಿಯುಸಿ ಹುಡುಗ. ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಒಂದು ಟಿವಿ ಇತ್ತು. ಕ್ರಿಕೆಟ್ ಇಲ್ಲದ ದಿನ ಮಾಲೀಕ ಪ್ರಾಣಿಗಳ ಚಾನೆಲ್ ಹಾಕುತ್ತಿದ್ದ. ಸ್ಟೀವ್ ಇರ್ವಿನ್‌ನನ್ನು ಮೊದಲು ನೋಡಿದ್ದು ಅಲ್ಲಿ. ಖಾಕಿ ಚಡ್ಡಿ, ಖಾಕಿ ಅಂಗಿ, ಕಣ್ಣರಳಿಸಿ ಮಾತು. (ಏಕವಚನಕ್ಕೆ ಕ್ಷಮೆ ಇರಲಿ. ನಮಗೆ ಅವನು ಮನೆಯವನ ಹಾಗೇ ಆಗಿಬಿಟ್ಟಿದ್ದ.) ಹಿಂದಿ ಡಬ್ಬಿಂಗ್ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಈ ಮನುಷ್ಯನಿಗೆ ಮೊಸಳೆ, ಹಾವು ಅಂದರೆ ಪ್ರೀತಿ ಇದೆ ಅನ್ನುವುದು ಮಾತ್ರ ಪೂರ್ತಿ ತಿಳಿಯುತ್ತಿತ್ತು. ನಮ್ಮೂರಲ್ಲಿ ಹಾವಿಗೆ ಎರಡೇ ಉಪಚಾರ. ಪಂಚಮಿ ದಿನ ಹಾಲು, ಉಳಿದ ದಿನ ಬಡಿಗೆ. ಹಾವನ್ನು ಸುಮ್ನೆ ಬದುಕಲು ಬಿಡಬಹುದು ಅಂತ ನನಗೆ ಹೇಳಿಕೊಟ್ಟವನು ಏಳು ಸಮುದ್ರದಾಚೆಯ ಆ ಆಸ್ಟ್ರೇಲಿಯಾದವನು. ಆ ಋಣ ಇದೆ.

ಆದರೆ ಅವನು ಹೇಳಿದ ಮಾತಿಗಿಂತ ಅವನು ಮಾಡಿದ್ದೇ ನನಗೆ ಜಾಸ್ತಿ ನೆನಪುಳಿಯಿತು. ಬಾಲ ಹಿಡಿದು ಎತ್ತಿದ್ದು. ಹಾವು ಮುಖದ ಕಡೆ ಬಂದಾಗ ನಕ್ಕು ಹಿಂದೆ ಸರಿದದ್ದು. 2004ರ ಜನವರಿಯಲ್ಲಿ ಒಂದು ತಿಂಗಳ ಮಗನನ್ನು ಒಂದು ಕೈಲಿ ಹಿಡಿದುಕೊಂಡು ಇನ್ನೊಂದು ಕೈಲಿ ಮೊಸಳೆಗೆ ಆಹಾರ ಹಾಕಿದ. ಜಗತ್ತೆಲ್ಲ ಬೈಯಿತು. ಚಹಾದಂಗಡಿಯಲ್ಲಿ ನಾವು ಸಿಳ್ಳೆ ಹಾಕಿದೆವು. ಹದಿನೇಳು ವರ್ಷದ ಹುಡುಗರು ಇನ್ನೇನು ಮಾಡುತ್ತಾರೆ, ನೀವೇ ಹೇಳಿ.

2006ರ ಸೆಪ್ಟೆಂಬರ್ 4ರಂದು ಅವನು ಸತ್ತ. ಕ್ವೀನ್ಸ್‌ಲ್ಯಾಂಡ್‌ ಕಡಲಿನ ಬ್ಯಾಟ್ ರೀಫ್ ಹತ್ತಿರ, ಆಳವಿಲ್ಲದ ನೀರಲ್ಲಿ, ಶೂಟಿಂಗ್ ನಡೆಯುತ್ತಿರುವಾಗಲೇ. ಒಂದು ದೊಡ್ಡ ತೊರಕೆ ಮೀನಿನ ಹಿಂದೆ ಈಜುತ್ತಿದ್ದ. ತಟ್ಟೆಯಂಥ ಮೀನು ಅದು, ಬಾಲದಲ್ಲಿ ಮುಳ್ಳು. ಮುಳ್ಳು ಎದೆಗೆ ಹೊಕ್ಕಿತು. ವಯಸ್ಸು 44. ನಾನು ಆ ರಾತ್ರಿ ಊಟ ಮಾಡಲಿಲ್ಲ. ಅದಾದ ಮೇಲೆ ನಡೆದದ್ದು ನನಗೆ ತಿಳಿದದ್ದು ಎಷ್ಟೋ ವರ್ಷ ಬಿಟ್ಟು. ಆ ವಾರಗಳಲ್ಲಿ ಅಲ್ಲಿನ ಕಡಲ ದಂಡೆಯಲ್ಲಿ ಸತ್ತ ತೊರಕೆ ಮೀನುಗಳು ಸಿಕ್ಕವು. ಕೆಲವಕ್ಕೆ ಬಾಲ ಕತ್ತರಿಸಿದ್ದರು. ಅಭಿಮಾನಿಗಳ ಸೇಡು ಅಂತ ಜನ ಮಾತಾಡಿಕೊಂಡರು. ಜೀವಮಾನವಿಡೀ ಪ್ರಾಣಿ ಉಳಿಸಿ ಅಂತ ಕೂಗಿದವನ ಹೆಸರಲ್ಲಿ ಪ್ರಾಣಿಯ ಬಾಲ ಕತ್ತರಿಸುವುದು! ಅವನ ಮಾತು ಅವರಿಗೆ ತಲುಪಿರಲಿಲ್ಲ ಅಂತಲೇ ಅರ್ಥ ಅಲ್ವಾ? ತಲುಪಿದ್ದು ಹೀರೋ ಮತ್ತು ವಿಲನ್. ಮನುಷ್ಯ ಪ್ರಾಣಿ ಜೊತೆ ಸೆಣಸುವುದನ್ನೇ ವರ್ಷಗಟ್ಟಲೆ ತೋರಿಸಿದರೆ, ಒಂದು ದಿನ ಪ್ರಾಣಿ ಗೆದ್ದಾಗ ನೋಡುವವನಿಗೆ ಅದು ಶತ್ರುವೇ.

ಈಗ ನನ್ನ ವಿಷಯ.

ಮೊದಲು ಹಿಡಿದದ್ದು ಕೇರೆ ಹಾವು, ಕಣಕಿ ಬಣವಿಯಲ್ಲಿ. ಆಮೇಲೆ ನಾಗರ. ಯಾರೂ ಕಲಿಸಿದ್ದಲ್ಲ, ಟಿವಿ ನೋಡಿ ಕಲಿತದ್ದು. ಸುತ್ತಲಿನ ಊರುಗಳಿಂದ ಫೋನ್ ಬರತೊಡಗಿತು. ಹಿಡಿದು ಚೀಲಕ್ಕೆ ಹಾಕಿ ಗುಡ್ಡಕ್ಕೆ ಬಿಟ್ಟು ಬರುತ್ತಿದ್ದೆ. ದುಡ್ಡು ತಗೊಳ್ಳುತ್ತಿರಲಿಲ್ಲ. ಸತ್ಯ ಹೇಳಬೇಕೆಂದರೆ, ತಗೊಳ್ಳುತ್ತಿದ್ದದ್ದು ಚಪ್ಪಾಳೆ. ಮನೆಯ ಮೂಲೆಯಲ್ಲಿ ಹಾವು ಸಿಕ್ಕರೆ ಎರಡು ನಿಮಿಷದ ಕೆಲಸ. ನಾನು ಅದನ್ನು ಅಂಗಳಕ್ಕೆ ತಂದು, ಹೆಡೆ ಎತ್ತಿಸಿ, ಮುಂದೆ ಕೈ ಆಡಿಸಿ, ಇಪ್ಪತ್ತು ನಿಮಿಷ ಮಾಡುತ್ತಿದ್ದೆ. ಹಾವು ಹೆಡೆ ಬಿಚ್ಚುವುದು ಹೆದರಿದಾಗ. ಆ ಇಪ್ಪತ್ತು ನಿಮಿಷವೂ ಅದು ಹೆದರಿಕೊಂಡೇ ಇತ್ತು. ನಾನು ಅದನ್ನು ಗಾಂಭೀರ್ಯ ಅಂತ ಜನರಿಗೆ ವಿವರಿಸುತ್ತಿದ್ದೆ.

2012ರಲ್ಲಿ ಒಂದು ವಾಹಿನಿಯವರು ಬಂದರು. ಹೆಸರು ಬೇಡ. ನಾನು ಆಗಲೇ ಒಂದು ನಾಗರ ಹಿಡಿದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟಿದ್ದೆ. ಕ್ಯಾಮೆರಾದವನು ಅದನ್ನು ನೋಡಿ, "ಇದನ್ನ ಹೊಲದಾಗ ಬಿಟ್ಟು ಮತ್ತ ಹಿಡೀರಿ, ನಾವು ಶೂಟ್ ಮಾಡ್ತೀವಿ" ಅಂದ. ಬಿಟ್ಟೆ, ಹಿಡಿದೆ. ಸೂರ್ಯ ಎದುರಿಗೆ ಬಂದನಂತೆ. ಮತ್ತೆ ಬಿಟ್ಟೆ, ಹಿಡಿದೆ. "ಸರ್, ಇನ್ನೊಂದ್ ಸಲ, ಹೆಡಿ ಚೊಲೋ ಬರಲಿಲ್ಲ." ಮೂರನೇ ಸಲ ಆ ಹಾವು ಹೆಡೆ ಎತ್ತಲೇ ಇಲ್ಲ. ಬಿಸಿಲಿಗೆ ಕಾದ ಕರಿ ಮಣ್ಣಿನ ಮೇಲೆ ಹಗ್ಗದ ಹಾಗೆ ಉದ್ದಕ್ಕೆ ಬಿದ್ದುಕೊಂಡಿತು. ಬಾಯಿ ಸ್ವಲ್ಪ ತೆರೆದಿತ್ತು. ನಾನು ಅದರ ಬಾಲ ಹಿಡಿದು ಎಳೆದೆ. ಎಳೆದದ್ದು ನಾನೇ, ಕ್ಯಾಮೆರಾದವನಲ್ಲ. ಆಗ ಒಂದು ಸಲ ತಲೆ ಎತ್ತಿತು. "ಸೂಪರ್" ಅಂದರು. ಟಿವಿಯಲ್ಲಿ ಬಂದದ್ದು ಅದೇ.

ಹಾವನ್ನು ಬಾಲ ಹಿಡಿದು ಎತ್ತಿದರೆ ಅದಕ್ಕೆ ಏನಾಗುತ್ತದೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಅದರ ಮೈಯೆಲ್ಲ ನೆಲದ ಮೇಲೆ ಒರಗಿಕೊಂಡೇ ಬದುಕಲು ಮಾಡಿದ್ದು. ಗಾಳಿಯಲ್ಲಿ ನೇತಾಡಿಸಿದರೆ ಪೂರ್ತಿ ಭಾರ ಬಾಲದ ಸಣ್ಣ ಎಲುಬುಗಳ ಮೇಲೆ ಬೀಳುತ್ತದೆ. ಜಗ್ಗಿದರೆ ಬೆನ್ನೆಲುಬಿಗೆ ಪೆಟ್ಟಾಗುತ್ತದೆ. ಹಾಗೆ ಪೆಟ್ಟಾದ ಹಾವನ್ನು ಗುಡ್ಡಕ್ಕೆ ಬಿಟ್ಟು "ಪ್ರಾಣ ಉಳಿಸಿದೆವು" ಅಂತ ನಾವು ಮನೆಗೆ ಬರುತ್ತೇವೆ. ಅದು ಆಮೇಲೆ ಬದುಕಿತಾ ಇಲ್ವಾ ಅಂತ ಯಾವ ಕ್ಯಾಮೆರಾನೂ ಹೋಗಿ ನೋಡಿಲ್ಲ.

2014ರ ಮಳೆಗಾಲ. ಊರ ಹೊರಗಿನ ಕಲ್ಲು ಬದುವಿನಲ್ಲಿ ಹಾವು ಬಂದಿದೆ ಅಂತ ಹುಡುಗರು ಕರೆದರು. ನೋಡಿದರೆ ಗರಗಸ ಮಂಡಲ. ಒಂದು ಗೇಣು ಚಿಲ್ಲರೆ ಉದ್ದ, ಮಣ್ಣಿನ ಬಣ್ಣ, ತಲೆ ಮೇಲೆ ಹಕ್ಕಿ ಹೆಜ್ಜೆಯಂಥ ಗುರುತು. ಸುರುಳಿ ಸುತ್ತಿಕೊಂಡು ಮೈಗೆ ಮೈ ತಿಕ್ಕುತ್ತಿತ್ತು. ಬಿಸಿ ಹಂಚಿನ ಮೇಲೆ ನೀರು ಚಿಮುಕಿಸಿದರೆ ಬರುವಂಥ ಶಬ್ದ. ಅದು ಹೇಳುತ್ತಿದ್ದದ್ದು ಒಂದೇ: ದೂರ ಇರು. ನಾಗರ ಹಿಡಿದವನಿಗೆ ಇದ್ಯಾವ ಲೆಕ್ಕ ಅಂದುಕೊಂಡೆ. ಕಡ್ಡಿಯಿಂದ ತಲೆ ಒತ್ತಿ, ಹೆಬ್ಬೆರಳು ತೋರುಬೆರಳಿಂದ ಕುತ್ತಿಗೆ ಹಿಡಿದು ಎತ್ತಿದೆ. ಐದಾರು ಮೊಬೈಲ್ ಮೇಲೆದ್ದವು. "ಯಣ್ಣ, ಹಲ್ಲು ತೋರ್ಸು" ಅಂದ ಒಬ್ಬ. ಟಿವಿಯಲ್ಲಿ ನೀವು ತೋರಿಸುತ್ತೀರಲ್ಲ, ಕುತ್ತಿಗೆ ಹಿಡಿದು ಬಾಯಿ ತೆರೆಸಿ, ವಿಷದ ಹಲ್ಲು? ಅದೇ.

ಮಂಡಲದ ಹಾವುಗಳ ಹಲ್ಲು ಬಾಗಿಲಿನ ಹಾಗೆ ಮಡಚಿ ಬಿಚ್ಚುವಂಥದ್ದು, ಉದ್ದ. ಕುತ್ತಿಗೆ ಹಿಡಿದರೂ ಪಕ್ಕಕ್ಕೆ ತಿರುಗಿಸಿ ಚುಚ್ಚಬಲ್ಲದು. ಇದು ನನಗೆ ಗೊತ್ತಾದದ್ದು ಬೆರಳಿಗೆ ಚುಚ್ಚಿದ ಮೇಲೆ. ಗುಲಾಬಿ ಮುಳ್ಳು ತಾಗಿದಷ್ಟೇ ನೋವು. ಮೊದಲ ಹತ್ತು ನಿಮಿಷ ನಾನು ನಗುತ್ತಲೇ ಇದ್ದೆ. ವಿಡಿಯೋದಲ್ಲಿ ಅದೂ ಇದೆ.

ಆಸ್ಪತ್ರೆಯಲ್ಲಿ ನರ್ಸ್ ನನ್ನ ರಕ್ತ ತೆಗೆದು ಒಂದು ಒಣ ಗಾಜಿನ ನಳಿಗೆಗೆ ಹಾಕಿ ಟೇಬಲ್ ಮೇಲೆ ನಿಲ್ಲಿಸಿದರು. ಯಾರೂ ಮುಟ್ಟಬೇಡಿ ಅಂದರು. 20 ನಿಮಿಷ. ಮಂಚದ ಮೇಲೆ ಕೂತು ನಾನು ಆ ನಳಿಗೆಯನ್ನೇ ನೋಡುತ್ತಿದ್ದೆ. ಗೋಡೆ ಗಡಿಯಾರ, ನಳಿಗೆ, ಗಡಿಯಾರ, ನಳಿಗೆ. ಅಷ್ಟು ಹೊತ್ತಿಗೆ ರಕ್ತ ಹೆಪ್ಪುಗಟ್ಟಬೇಕು, ನಳಿಗೆ ಓರೆ ಮಾಡಿದರೆ ಜಾರಬಾರದು. ನರ್ಸ್ ಬಂದು ಓರೆ ಮಾಡಿದರು. ಚಹಾ ಹರಿದ ಹಾಗೆ ಹರಿಯಿತು. ಅಷ್ಟರಲ್ಲಿ ನನ್ನ ಒಸಡಿನಿಂದಲೂ ರಕ್ತ ಬರುತ್ತಿತ್ತು. ಹತ್ತು ಬಾಟಲಿ ವಿಷ ಇಳಿಸುವ ಮದ್ದು ಸಲೈನ್‌ಗೆ ಸೇರಿಸಿ ಏರಿಸಿದರು. ಆರು ಗಂಟೆ ಬಿಟ್ಟು ಮತ್ತೆ ನಳಿಗೆ, ಮತ್ತೆ ಮದ್ದು. ಪ್ರಾಣ ಉಳಿಯಿತು. ಬೆರಳು ಕಪ್ಪಾಯಿತು, ಮಾಂಸ ಕೊಳೆತು ಹೋಯಿತು, ಉಳಿದದ್ದು ಹೀಗೆ ನೆಟ್ಟಗೆ ನಿಂತಿದೆ.

ಇಷ್ಟಕ್ಕೆ ನಾನು ನಿಮಗೆ ಪತ್ರ ಬರೆಯುತ್ತಿರಲಿಲ್ಲ. ನನ್ನ ಬೆರಳು, ನನ್ನ ತಿಕ್ಕಲುತನ. ಬರೆಸಿದ್ದು ಬೇರೆ.

ಆಸ್ಪತ್ರೆಯಿಂದ ಬಂದು ಒಂದು ತಿಂಗಳಾಗಿರಬೇಕು. ಓಣಿಯಲ್ಲಿ ಅಕ್ಕನ ಮಗ, ಒಂಬತ್ತು ವರ್ಷದವನು, ಹಳ್ಳದಿಂದ ಒಂದು ನೀರುಹಾವು ತಂದಿದ್ದ. ಬಾಲ ಹಿಡಿದು, ತೋಳು ಮುಂದೆ ಚಾಚಿ, ಒಂದು ಕಾಲು ಹಿಂದಿಟ್ಟು ನಿಂತಿದ್ದ. ಅದು ಥೇಟ್ ನಾನು ನಿಲ್ಲುವ ಭಂಗಿ. ಎದುರಿಗೆ ಇನ್ನೊಬ್ಬ ಹುಡುಗ ಮುರಿದ ಹಲಗೆ ಹಿಡಿದು ಮೊಬೈಲ್ ಹಾಗೆ ಎತ್ತಿದ್ದ. "ಹೆದರಬ್ಯಾಡ್ರಿ, ಇದು ನಮ್ಮ ಮಿತ್ರ" ಅಂತ ಅಕ್ಕನ ಮಗ ಹೇಳುತ್ತಿದ್ದ. ಆ ಮಾತೂ ನಂದೇ. ನಾನು ಅದನ್ನು ಕಲಿತದ್ದು ಟಿವಿಯಿಂದ. ನೀರುಹಾವಿಗೆ ವಿಷವಿಲ್ಲ, ಸರಿ. ಆದರೆ ಒಂಬತ್ತು ವರ್ಷದವನಿಗೆ ನೀರುಹಾವು ಯಾವುದು, ಕಟ್ಟುಹಾವು ಯಾವುದು ಅಂತ ಗೊತ್ತಿತ್ತಾ? ಕೇಳಿದೆ. "ಎಲ್ಲಾ ಒಂದೇ ಅಲ್ಲೇನ್ ಮಾಮ, ಬಾಲ ಹಿಡೀಬೇಕು ಅಷ್ಟೇ" ಅಂದ.

ಆಸ್ಟ್ರೇಲಿಯಾದಲ್ಲಿ ಚಾಚಿದ ಒಂದು ತೋಳು ಚಹಾದಂಗಡಿ ದಾಟಿ, ನನ್ನ ತೋಳಾಗಿ, ನಮ್ಮ ಓಣಿಯ ಹುಡುಗನ ತೋಳಾಗಿ ನಿಂತಿತ್ತು. ಮಧ್ಯದಲ್ಲಿ ಎಲ್ಲೋ ಹಾವಿನ ಬಗೆಗಿನ ಮಾತೆಲ್ಲ ಉದುರಿಹೋಗಿತ್ತು.

"ಪರದೆ ಕೆಳಗೆ ಎಚ್ಚರಿಕೆ ಹಾಕುತ್ತೇವಲ್ಲ" ಅನ್ನುತ್ತೀರಿ. ಹಾಕುತ್ತೀರಿ, ನೋಡಿದ್ದೇನೆ. "ಪರಿಣತರ ಮೇಲ್ವಿಚಾರಣೆಯಲ್ಲಿ ಚಿತ್ರೀಕರಿಸಲಾಗಿದೆ, ನೀವು ಪ್ರಯತ್ನಿಸಬೇಡಿ." ಅಕ್ಷರ ಇರುವೆ ಸಾಲಿನಷ್ಟು, ಕೈ ಪರದೆಯಷ್ಟು. ಸಿನಿಮಾದಲ್ಲಿ ಸಿಗರೇಟು ಹಚ್ಚಿದಾಗಲೂ ಮೂಲೆಯಲ್ಲಿ ಹಾಗೇ ಬರುತ್ತದೆ. ಅದನ್ನು ಓದಿ ಬೀಡಿ ಬಿಟ್ಟವನನ್ನು ನಾನು ನೋಡಿಲ್ಲ. ಅದೇ ಸಿನಿಮಾದಲ್ಲಿ ಒಂದು ಎತ್ತು ತೋರಿಸಬೇಕಾದರೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು. ನೀವು ಮಾತ್ರ ಕಾಡಿನ ಹಾವನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಆಡಿಸಿ, ಸುದ್ದಿ ಅಂತ ಕರೆದು ಪಾರಾಗುತ್ತೀರಿ.

ಕಾನೂನೂ ಇದೆ. ನಾನು ಹಾವು ಹಿಡಿಯುವ ಕಾಲದಲ್ಲಿ ಒಬ್ಬ ಫಾರೆಸ್ಟ್ ಗಾರ್ಡ್ ನನ್ನನ್ನು ನಿಲ್ಲಿಸಿ ಹೇಳಿದ್ದರು, "ನೀ ಹಿಡಿಯೂದೂ ಬ್ಯಾಟಿ ಲೆಕ್ಕಕ್ಕೇ ಬರ್ತದ ತಮ್ಮಾ." ನಾನು ನಕ್ಕೆ. ಕೊಲ್ಲದೇ ಹಿಡಿದರೆ ಬೇಟೆ ಹೇಗಾಗುತ್ತದೆ? ಆಮೇಲೆ ತಿಳಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಅನ್ನುವ ಪದಕ್ಕೆ ಕೊಲ್ಲುವುದು ಮಾತ್ರ ಅರ್ಥ ಅಲ್ಲ. ಹಿಡಿಯುವುದು, ಬಲೆಗೆ ಹಾಕುವುದು, ಹಿಡಿಯಲು ಪ್ರಯತ್ನ ಮಾಡುವುದು ಎಲ್ಲ ಅದರೊಳಗೆ ಬರುತ್ತದೆ. ಅಭಯಾರಣ್ಯದಲ್ಲಿ ಶೂಟಿಂಗ್ ಮಾಡುವವರು ಪ್ರಾಣಿಗೂ ಅದರ ನೆಲೆಗೂ ತೊಂದರೆ ಮಾಡಬಾರದು ಅಂತ 2022ರ ತಿದ್ದುಪಡಿ ಹೇಳುತ್ತದೆ. ಆದರೆ ನಮ್ಮ ಹಾವುಗಳು ಅಭಯಾರಣ್ಯದಲ್ಲಿ ಎಲ್ಲಿವೆ? ತೊಗರಿ ಹೊಲದಲ್ಲಿವೆ, ಹತ್ತಿ ಸಾಲಿನಲ್ಲಿವೆ, ನೀರಾವರಿ ಬಂದ ಕಡೆ ಭತ್ತದ ಗದ್ದೆ ಬದುವಿನಲ್ಲಿ ಇಲಿ ಹಿಂದೆ ಓಡಾಡುತ್ತಿವೆ. ಅಲ್ಲಿ ಅವಕ್ಕೆ ಯಾರ ಕಾವಲೂ ಇಲ್ಲ.

ನಮಗೂ ಇಲ್ಲ ಅನ್ನಿ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ 2020ರಲ್ಲಿ ಬಂದ ಒಂದು ಅಧ್ಯಯನದ ಅಂದಾಜು. ವರ್ಷಕ್ಕೆ 58 ಸಾವಿರ. ಹೆಚ್ಚಿನವರು ಹಳ್ಳಿಯವರು, ನಮ್ಮಂಥವರು. ಕಸ ತೆಗೆಯುವಾಗ, ನೀರು ಬಿಡಲು ರಾತ್ರಿ ಹೋದಾಗ, ನೆಲದ ಮೇಲೆ ಮಲಗಿದಾಗ ಕಚ್ಚಿಸಿಕೊಂಡವರು. ನಮ್ಮ ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಪ್ರತಿ ಹಾವು ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು. ಒಳ್ಳೇ ಕೆಲಸ. ಆ ಸುದ್ದಿಗೆ ನಿಮ್ಮಲ್ಲಿ ಎಷ್ಟು ನಿಮಿಷ ಸಿಕ್ಕಿತು? ಅದರ ಎರಡು ವರ್ಷ ಹಿಂದೆ, 2022ರಲ್ಲಿ, ಶಿರಸಿ ಕಡೆಯ ಒಬ್ಬ ಯುವಕ ಮೂರು ನಾಗರಹಾವುಗಳ ಮುಂದೆ ಕೂತು ಕೈಕಾಲು ಆಡಿಸಿ ಕಚ್ಚಿಸಿಕೊಂಡ ವಿಡಿಯೋ ಮಾತ್ರ ವಾರಗಟ್ಟಲೆ ಓಡಿತು. ಅದೇ ವರ್ಷ ಜನವರಿ ಕೊನೆಗೆ ಕೇರಳದ ವಾವಾ ಸುರೇಶ್ ಅವರಿಗೆ ನಾಗರ ಕಚ್ಚಿತು. ಸಾವಿರಾರು ಹಾವು ಹಿಡಿದವರು, ಟಿವಿ ಕಾರ್ಯಕ್ರಮವನ್ನೂ ನಡೆಸಿದವರು. ಹಾವನ್ನು ಚೀಲಕ್ಕೆ ಹಾಕುವಾಗ ತೊಡೆಗೆ ಕಚ್ಚಿತು. ಕೊಟ್ಟಾಯಂನಲ್ಲಿ ವೆಂಟಿಲೇಟರ್ ಮೇಲಿದ್ದು ಬದುಕಿ ಬಂದರು. ಅಷ್ಟು ಅನುಭವ ಇದ್ದವರಿಗೇ ಹೀಗಾದರೆ, ಪರಿಣತರ ಮೇಲ್ವಿಚಾರಣೆ ಅನ್ನುವ ಮಾತಿಗೆ ಏನು ಬೆಲೆ?

ನಿಮ್ಮಲ್ಲಿ ಯಾರಾದರೂ ನನ್ನನ್ನೇ ತಿರುಗಿ ಕೇಳಬಹುದು. ನಿಮ್ಮ ಕಡೆಯೇ ಚೇಳಿನ ಜಾತ್ರೆ ಮಾಡುತ್ತೀರಲ್ಲ, ನಮಗೇನು ಬುದ್ಧಿ ಹೇಳುತ್ತೀರಿ ಅಂತ. ನ್ಯಾಯವಾದ ಪ್ರಶ್ನೆ. ನಮ್ಮ ಕಂದಕೂರಿನಲ್ಲಿ ನಾಗರ ಪಂಚಮಿ ದಿನ ಜನ ಬೆಟ್ಟ ಹತ್ತಿ, ಕಲ್ಲು ಸರಿಸಿ, ಕೆಳಗಿರುವ ಚೇಳು ತೆಗೆದು ಅಂಗೈ ಮೇಲೆ ಬಿಟ್ಟುಕೊಳ್ಳುತ್ತಾರೆ. ಮುಖದ ಮೇಲೆ, ನಾಲಿಗೆ ಮೇಲೆ ಬಿಟ್ಟುಕೊಳ್ಳುವವರೂ ಇದ್ದಾರೆ. ಮಕ್ಕಳೂ ಇರುತ್ತಾರೆ. ಆ ದಿನ ಚೇಳು ಕುಟುಕುವುದಿಲ್ಲ ಅಂತ ನಂಬಿಕೆ. ನಾನೂ ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಹೋದವನೇ. ಅದನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಹೊಗಳಲೂ ಬರುವುದಿಲ್ಲ. ನೋಡಿದ್ದನ್ನು ಹೇಳುತ್ತೇನೆ. ಒಬ್ಬ ಹೆಣ್ಣುಮಗಳು ಚೇಳನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಪಾಡಿಗೆ ಅವಳು. ಅಷ್ಟರಲ್ಲಿ ಮೈಕು, ಕ್ಯಾಮೆರಾ ಬಂತು. ಪಕ್ಕದಲ್ಲಿದ್ದ ಹುಡುಗರ ಕೈಯಲ್ಲಿದ್ದ ಚೇಳುಗಳೆಲ್ಲ ಒಂದೇ ಸಲಕ್ಕೆ ಮುಖಕ್ಕೆ ಏರಿದವು. ಕ್ಯಾಮೆರಾ ಹೋಯಿತು, ಚೇಳು ಕೆಳಗಿಳಿದವು. ಕಲ್ಲು ಮಾತ್ರ ಯಾರೂ ವಾಪಸ್ ಇಡಲಿಲ್ಲ. ಒಂದು ಕಲ್ಲಿನ ಕೆಳಗೆ ತಾಯಿ ಚೇಳು ಬಿಳಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಿಸಿಲಲ್ಲಿ ನಿಂತಿತ್ತು. ಅದರ ಕಡೆ ಕ್ಯಾಮೆರಾ ತಿರುಗಲಿಲ್ಲ.

ಕೆಂಪು ಚೇಳು ಕುಟುಕಿ ಮಕ್ಕಳು ಸಾಯುತ್ತಿದ್ದ ಕಾಲದಲ್ಲಿ, ಬಿಪಿಗೆ ಕೊಡುವ ಪ್ರಾಜೋಸಿನ್ ಮಾತ್ರೆಯಿಂದ ಅವರನ್ನು ಉಳಿಸಬಹುದು ಅಂತ ತೋರಿಸಿದವರು ಮಹಾರಾಷ್ಟ್ರದ ಮಹಾಡ್ ಅನ್ನುವ ಸಣ್ಣ ಊರಿನ ಡಾಕ್ಟರ್ ಹಿಮ್ಮತ್‌ರಾವ್ ಬಾವಸ್ಕರ್. ಜಾತ್ರೆಯ ವರದಿಯಲ್ಲಿ ಅವರ ಬಗ್ಗೆ ಅರ್ಧ ನಿಮಿಷ ಹೇಳಿದರೆ ನಿಮ್ಮ ಗಂಟೇನು ಹೋಗುತ್ತದೆ?

ಹಾಗಂತ ಯಾರೂ ಯಾವ ಪ್ರಾಣಿಯನ್ನೂ ಎಂದೂ ಮುಟ್ಟಬಾರದು ಅಂತ ನಾನು ಹೇಳಿದರೆ ಅದು ಕೃತಘ್ನತನ. ನನ್ನನ್ನು ಉಳಿಸಿದ ಮದ್ದು ಎಲ್ಲಿಂದ ಬಂತು? ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷ ತೆಗೆದು, ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಮಾಡುವ ಮದ್ದು ಅದು. ಆ ವಿಷವನ್ನು ದೇಶಕ್ಕೆ ಬಹುಪಾಲು ಕೊಡುತ್ತಾ ಬಂದವರು ಚೆನ್ನೈ ಹತ್ತಿರದ ಇರುಳ ಬುಡಕಟ್ಟಿನವರು. 1978ರಲ್ಲಿ ಅವರದೇ ಸಹಕಾರ ಸಂಘ ಶುರುವಾಯಿತು, ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಜೊತೆಗಿದ್ದರು. ಅವರು ಲೈಸೆನ್ಸ್ ಪಡೆದು ಹಾವು ಹಿಡಿಯುತ್ತಾರೆ, ಕೆಲವು ವಾರ ಇಟ್ಟುಕೊಂಡು ನಾಲ್ಕು ಸಲ ವಿಷ ತೆಗೆಯುತ್ತಾರೆ, ಹೊಟ್ಟೆಯ ಹುರುಪೆ ಮೇಲೆ ಗುರುತು ಮಾಡಿ ಬಿಟ್ಟುಬಿಡುತ್ತಾರೆ. ಗುರುತು ಯಾಕೆ ಅಂದರೆ ಅದೇ ಹಾವನ್ನು ಬೇಗನೇ ಮತ್ತೆ ಹಿಡಿಯದಿರಲಿ ಅಂತ. ನನ್ನ ಸಲೈನ್ ಬಾಟಲಿಯೊಳಗೆ ಅಂಥ ಯಾರದೋ ಕೈ ಇತ್ತು. ಆ ಕೈಗೆ ನಾನು ದಿನಾ ಮುಗಿಯುತ್ತೇನೆ. ಮನೆಯೊಳಗೆ ಹಾವು ಬಂದಾಗ ಇಲಾಖೆಯವರು ಹಿಡಿಯಲೇಬೇಕು, ಗಾಯವಾದ ತೋಳಕ್ಕೆ ಡಾಕ್ಟರು ಇಂಜೆಕ್ಷನ್ ಕೊಡಲೇಬೇಕು. ಅಲ್ಲೆಲ್ಲ ಕೆಲಸ ಇದೆ, ಕೈ ಹೋಗುತ್ತದೆ. ನಿಮ್ಮ ನಿರೂಪಕನ ಕೈಗೆ ಅಲ್ಲಿ ಏನು ಕೆಲಸ?

ನಾನು ಮತ್ತೆ ಮತ್ತೆ ಕೇಳಿಕೊಳ್ಳುವ ಪ್ರಶ್ನೆ ಅದು. ಕೈ ಇಟ್ಟ ಕೂಡಲೇ ಪ್ರಾಣಿ ಏನು ಮಾಡುತ್ತಿತ್ತೋ ಅದನ್ನು ನಿಲ್ಲಿಸುತ್ತದೆ. ಆಮೇಲೆ ಅದು ಮಾಡುವುದು ಎರಡೇ, ತಪ್ಪಿಸಿಕೊಳ್ಳುವುದು ಅಥವಾ ಕಚ್ಚುವುದು. ಅದನ್ನೇ ಇಪ್ಪತ್ತು ವರ್ಷ ತೋರಿಸಿ "ಹಾವಿನ ಸ್ವಭಾವ" ಅಂದರೆ ಹೇಗೆ? ವನ್ಯಜೀವಿ ಕಾರ್ಯಕ್ರಮಗಳಿಗೆ ಹೆಸರಾದ ಇಂಗ್ಲೆಂಡಿನ ಡೇವಿಡ್ ಅಟೆನ್‌ಬರೋ ಕೂಡ ಶುರು ಮಾಡಿದ್ದು ಹಿಡಿಯುವುದರಿಂದಲೇ. 1954ರಲ್ಲಿ ಬಿಬಿಸಿಯಲ್ಲಿ ಆರಂಭವಾದ ಅವರ ಸರಣಿ ಲಂಡನ್ ಮೃಗಾಲಯಕ್ಕೆ ಪ್ರಾಣಿ ಹಿಡಿದು ತರುವ ಪ್ರವಾಸಗಳದ್ದು. ಅದೇ ಮನುಷ್ಯ ಮುಂದೆ ರುವಾಂಡಾದಲ್ಲಿ ಗೊರಿಲ್ಲಾಗಳ ನಡುವೆ ಸುಮ್ನೆ ಕೂತರು, ಪಿಸುಮಾತಿನಲ್ಲಿ ಮಾತಾಡಿದರು. ಗೊರಿಲ್ಲಾಗಳೇ ಬಂದು ಅವರನ್ನು ಮುಟ್ಟಿ ನೋಡಿದವು. ಜಗತ್ತು ಇವತ್ತಿಗೂ ನೆನೆಯುವುದು ಆ ಎರಡನೆಯದನ್ನು. ಅವರು ಬದಲಾದರು ಅಂದರೆ ನೀವೂ ಬದಲಾಗಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಮಿರಗದ ಮಳೆ ಬಿದ್ದ ನಾಲ್ಕನೇ ದಿನ. ಒಬ್ಬ ರೈತರ ಮೋಟಾರ್ ಇಳಿಸಿಕೊಡಲು ಹೋಗಿದ್ದೆ. ಬದುವಿನ ಜಾಲಿ ಗಿಡದ ಹತ್ತಿರ ಹುಲ್ಲು ಅಲ್ಲಾಡುತ್ತಿತ್ತು. ನೋಡಿದರೆ ಎರಡು ಕೇರೆ ಹಾವು. ಒಂದೊಂದೂ ನನ್ನ ಎದೆಮಟ್ಟ ಬರುವಷ್ಟು ಉದ್ದ. ಹಗ್ಗ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿಕೊಂಡು ಮೇಲೆದ್ದವು. ಮೊಣಕಾಲೆತ್ತರ, ತೊಡೆಯೆತ್ತರ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತಿತ್ತು. ಬೀಳುತ್ತಿದ್ದವು, ಮತ್ತೆ ಏಳುತ್ತಿದ್ದವು. ಕಚ್ಚಲಿಲ್ಲ. ಒಂದು ಸಲವೂ ಕಚ್ಚಲಿಲ್ಲ.

ಕಸ ತೆಗೆಯುತ್ತಿದ್ದ ಒಬ್ಬ ಅಜ್ಜಿ ಓಡಿ ಬಂದು, "ನಾಗಪ್ಪಂದು ಕೇರಿದು ಕೂಡಿಕಿ ಅದ, ಧೋತ್ರ ಒಗೀರಿ ಮ್ಯಾಲ, ಮನಿಗೆ ಲಕ್ಷ್ಮಿ ಬರ್ತಾಳ" ಅಂದಳು. ನಮ್ಮಲ್ಲಿ ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ನಾಗರ ಮತ್ತು ಕೇರೆ ಕೂಡುತ್ತವೆ ಅಂತ. ಎರಡೂ ಕೇರೆಯೇ, ಎರಡೂ ಗಂಡು, ಹೆಣ್ಣಿಗಾಗಿ ಕುಸ್ತಿ ಅಂತ ಹೇಳಿದೆ. ಅಜ್ಜಿ ನಂಬಲಿಲ್ಲ. ಆದರೆ ಧೋತ್ರ ಒಗೆಯಲೂ ಇಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಳು. ಮೂವತ್ತು ಹೆಜ್ಜೆ ದೂರದಲ್ಲಿ ನಾನು, ಅಜ್ಜಿ, ಹೊಲದ ಯಜಮಾನರು ಅರ್ಧ ಗಂಟೆ ನಿಂತೆವು. ಕೊನೆಗೆ ಒಂದು ಹಾವು ಸುರುಳಿ ಬಿಚ್ಚಿಕೊಂಡು ಹಳ್ಳದ ಕಡೆ ಹೋಯಿತು. ಗೆದ್ದದ್ದು ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಜಾಲಿ ಬೇರಿನೊಳಗೆ ಇಳಿಯಿತು. "ಕುಸ್ತಿ ಇದ್ರೂ ಇರಬಹುದು ಬಿಡು" ಅಂದಳು ಅಜ್ಜಿ.

ಹನ್ನೊಂದು ವರ್ಷ ಹಾವು ಹಿಡಿದಾಗ ನನಗೆ ಇದು ಒಮ್ಮೆಯೂ ಕಂಡಿರಲಿಲ್ಲ. ಕಾಣುವುದು ಹೇಗೆ? ಕಂಡ ಕೂಡಲೇ ಬಾಲಕ್ಕೆ ಕೈ ಹಾಕುತ್ತಿದ್ದೆನಲ್ಲ.

ಇಂಥದ್ದು ನಮ್ಮ ಕಡೆ ತುಂಬ ಇದೆ. ಕೃಷ್ಣಾ ನದಿಯ ಬಂಡೆ ಮೇಲೆ ಮೊಸಳೆಗಳು ಬಾಯಿ ತೆರೆದು ಬಿಸಿಲು ಕಾಯುತ್ತವೆ. ಸಿಟ್ಟಿನಿಂದಲ್ಲ, ಮೈ ತಂಪು ಮಾಡಿಕೊಳ್ಳಲು. ಸುರಪುರದ ಬೋನಾಳ ಕೆರೆಗೆ ಚಳಿಗಾಲದಲ್ಲಿ ದೂರದ ಹಕ್ಕಿಗಳು ಬರುತ್ತವೆ. ಚಿಂಚೋಳಿ ಕಾಡಿನಲ್ಲಿ ತೋಳಗಳಿವೆ, ಕತ್ತೆಕಿರುಬ ಇದೆ. ಬೀದರ್ ಕಡೆ ಬಯಲಿನಲ್ಲಿ ಕೃಷ್ಣಮೃಗಗಳು ಹೊಲ ದಾಟುವುದನ್ನು ರಸ್ತೆಯಿಂದಲೇ ನೋಡಬಹುದು. ಇದ್ಯಾವುದಕ್ಕೂ ಕೈ ಬೇಡ. ದೊಡ್ಡ ಲೆನ್ಸು ಬೇಕು, ತಾಳ್ಮೆ ಬೇಕು, ಮತ್ತೆ "ಇನ್ನೊಂದ್ ಸಲ" ಅನ್ನದ ಕ್ಯಾಮೆರಾದವನು ಬೇಕು.

ಹಾವು ಹಿಡಿಯುವುದನ್ನೇ ತೋರಿಸಬೇಕು ಅಂದರೆ, ಅದನ್ನು ಇದ್ದ ಹಾಗೆ ತೋರಿಸಿ. ಉದ್ದ ಕೊಕ್ಕೆ, ದಪ್ಪ ಬೂಟು, ಕೊಳವೆ ಹೊಲಿದ ಚೀಲ. ಜನರನ್ನು ದೂರ ನಿಲ್ಲಿಸುವುದು. ಎರಡು ನಿಮಿಷದಲ್ಲಿ ಚೀಲದೊಳಗೆ. ಮುತ್ತು ಕೊಡುವುದು, ಕೊರಳಿಗೆ ಹಾಕಿಕೊಳ್ಳುವುದು, ಹಲ್ಲು ತೋರಿಸುವುದು ಬೇಡ. ಉಳಿದ ಸಮಯದಲ್ಲಿ ಹಗ್ಗ ಬಿಗಿಯಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಕಚ್ಚಿದ ಕೈ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ಅಂತ ಹೇಳಿ. ಬೇಕಾದರೆ ಆ ಗಾಜಿನ ನಳಿಗೆ ತೋರಿಸಿ, 20 ನಿಮಿಷ ಪೂರ್ತಿ ತೋರಿಸಿ. ಯಾವ ನಾಗರ ಹೆಡೆಗಿಂತಲೂ ಅದನ್ನು ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ನಾನು ನೋಡಿದ್ದೇನೆ.

ಅಕ್ಕನ ಮಗ ಈಗ ಡಿಪ್ಲೊಮಾ ಓದುತ್ತಿದ್ದಾನೆ. ರಜೆಗೆ ಬಂದರೆ ಅಂಗಡಿಯಲ್ಲಿ ಸಣ್ಣ ತಂತಿಯ ಕೆಲಸವೆಲ್ಲ ಅವನದೇ, ಅವನ ಹತ್ತೂ ಬೆರಳು ಮಡಚುತ್ತವೆ. ಬರುವ ಜೂನ್‌ನಲ್ಲಿ ನೀವು ಈ ಕಡೆ ಬಂದರೆ ಅಂಗಡಿ ಹತ್ತಿರ ನಿಲ್ಲಿ, ಚಹಾ ಕುಡಿದು ಹೋಗೋಣ. ಆ ಜಾಲಿ ಗಿಡ ಇನ್ನೂ ಅಲ್ಲೇ ಇದೆ. ಮೂವತ್ತು ಹೆಜ್ಜೆ ಈಚೆ ನಾನೊಂದು ಕಲ್ಲು ನೆಟ್ಟಿದ್ದೇನೆ. ಟ್ರೈಪಾಡ್ ಅಲ್ಲಿ ಇಡಿ.

ಇಂತಿ,
ಯಾದಗಿರಿ ಜಿಲ್ಲೆಯ ಒಬ್ಬ ಮೋಟಾರ್ ಮೆಕ್ಯಾನಿಕ್